ಚೌಕಗಳು ಅಕ್ಷರಗಳಾದ ಬಗೆ

‘ಬಸವೇಶ್ವರನಗರ’ ಎಂಬ ಹೆಸರನ್ನು ಬರೆಯುವಾಗ ನಾವು ಶಕಾರದ ಕೆಳಗೆ ವಕಾರದ ಒತ್ತನ್ನು ಯೋಚಿಸದೆಯೇ ಇಡುತ್ತೇವೆ. ಯಂತ್ರಕ್ಕೆ ಈ ಅಭ್ಯಾಸಬಲವಿಲ್ಲ. ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತಪದ್ಧತಿಯು ಕನ್ನಡ ಲಿಪಿಗೆಂದು 128 ಸ್ಥಾನಗಳನ್ನು ಮೀಸಲಿಟ್ಟು, ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಗೊತ್ತುಪಡಿಸಿತು. ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು ಲಿನಕ್ಸ್ ತಿರುಳನ್ನು ಹೊರತಂದುದೂ ಅದೇ ವರ್ಷವೆಂಬುದು ಒಂದು ಸೊಗಸಾದ ಆಕಸ್ಮಿಕ. ಇವೆರಡೂ ಮುಂದೆ ಒಂದೇ ಫೋನಿನಲ್ಲಿ ಸಂಧಿಸಿದವು.

ಲಿನಕ್ಸ್ ತಿರುಳಿನ ಮೇಲೆ ಕಟ್ಟಿದ ಆಂಡ್ರಾಯ್ಡ್ ಫೋನುಗಳು 2008ರಿಂದ ಮಾರುಕಟ್ಟೆಗೆ ಬಂದವು. ಆದರೆ ಮೊದಮೊದಲಿನ ಅನೇಕ ಫೋನುಗಳಲ್ಲಿ ಕನ್ನಡದ ಅಕ್ಷರರೂಪಗಳೇ ಇರಲಿಲ್ಲ. ವಿಜಯನಗರದಿಂದ ಕೆಂಗೇರಿಗೆ ಬಸ್ಸಿನಲ್ಲಿ ಹೊರಟವನಿಗೆ ಮನೆಯಿಂದ ಕನ್ನಡದಲ್ಲಿ ಒಂದು ಸಂದೇಶ ಬಂದಿತೆನ್ನೋಣ. ತರಬೇಕಾದ ಔಷಧಿಯ ಹೆಸರು ಅದರಲ್ಲಿದ್ದಿರಬಹುದು. ಅವನ ಕಣ್ಣಿಗೆ ಬೀಳುತ್ತಿದ್ದುದು ಸಾಲುಸಾಲು ಬರಿಯ ಚೌಕಗಳು! ಸಂದೇಶವೇನೂ ಕೆಟ್ಟಿರಲಿಲ್ಲ; ಸಂಖ್ಯೆಗಳು ಸುರಕ್ಷಿತವಾಗಿಯೇ ತಲಪಿದ್ದವು. ಅವುಗಳಿಗೆ ತೊಡಿಸಬೇಕಾದ ರೂಪ ಮಾತ್ರ ಫೋನಿನಲ್ಲಿರಲಿಲ್ಲ. ಆದುದರಿಂದ ಎಷ್ಟೋ ಮಂದಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯತೊಡಗಿದರು. ಕಾರಣ ತೀರಿದ ಮೇಲೂ ಆ ರೂಢಿ ಇನ್ನೂ ತೀರಿಲ್ಲ.

ಒಂದು ಅಕ್ಷರಕಡತವನ್ನು ತಂದು ಹಾಕಿದರೆ ಸಾಲದೇ ಎಂದು ನೀವು ಕೇಳಬಹುದು. ತೊಡಕಿರುವುದು ಅಲ್ಲಿಯೇ. ಅಕ್ಷರರೂಪಗಳಿರುವುದು ‘ಸಿಸ್ಟಮ್’ ಎಂಬ ವಿಭಾಗದಲ್ಲಿ. ಅದನ್ನು ಓದಲು ಮಾತ್ರ ಅನುಮತಿಯುಂಟು, ಬರೆಯಲು ಇಲ್ಲ. ಫೋನಿಗೆ ಹಣ ತೆತ್ತವನೂ ಅಲ್ಲಿ ಅತಿಥಿಯೇ. ಲಿನಕ್ಸಿನಲ್ಲಿ ಸರ್ವಾಧಿಕಾರವುಳ್ಳವನು ‘ರೂಟ್’ ಎಂಬ ಬಳಕೆದಾರ. ಅವನ ಕ್ರಮಸಂಖ್ಯೆ ಸೊನ್ನೆ. ಉತ್ಸಾಹಿಗಳು ಆ ಅಧಿಕಾರವನ್ನು ಪಡೆದು, ವಿಭಾಗವನ್ನು ಬರೆಯಲು ಬರುವಂತೆ ಮರುಜೋಡಿಸಿ, ‘ಡ್ರಾಯ್ಡ್ ಸಾನ್ಸ್ ಫಾಲ್‌ಬ್ಯಾಕ್’ ಎಂಬ ಹಳೆಯ ಕಡತದ ಪ್ರತಿಯೊಂದನ್ನು ಜೋಪಾನವಾಗಿ ತೆಗೆದಿರಿಸಿ, ಕನ್ನಡವನ್ನು ಸೇರಿಸಿದ ಹೊಸ ಕಡತವನ್ನು ಅದೇ ಹೆಸರಿನಿಂದ ಅಲ್ಲಿ ನೆಲೆಗೊಳಿಸುತ್ತಿದ್ದರು.

ಇಷ್ಟಕ್ಕೇ ಕೆಲಸ ಮುಗಿಯುತ್ತಿರಲಿಲ್ಲ. ಹೊಸ ಕಡತಕ್ಕೆ 644 ಎಂಬ ಅನುಮತಿಯನ್ನು ಕೊಡಬೇಕಾಗಿತ್ತು. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂಬುದು ಇಲ್ಲಿನ ಲೆಕ್ಕ. ಒಡೆಯನಿಗೆ ಓದು ಬರಹಗಳೆರಡೂ ಸೇರಿ 6. ಅವನ ಗುಂಪಿಗೂ ಇತರರಿಗೂ ಓದು ಮಾತ್ರ, ಅಂದರೆ 4. ಇದನ್ನು ಮರೆತರೆ ಉಳಿದ ತಂತ್ರಾಂಶಗಳು ಆ ಕಡತವನ್ನು ಓದಲಾರದೆ ಹೋಗುತ್ತಿದ್ದವು. ಕೆಲವೊಮ್ಮೆ ಫೋನು ಪೂರ್ತಿಯಾಗಿ ಏಳದೆ ಆರಂಭದ ಚಿತ್ರವನ್ನೇ ಮತ್ತೆ ಮತ್ತೆ ತೋರಿಸುತ್ತ ನಿಲ್ಲುತ್ತಿತ್ತು. ತೆಗೆದಿರಿಸಿದ ಹಳೆಯ ಪ್ರತಿಯ ಬೆಲೆ ಆಗ ತಿಳಿಯುತ್ತಿತ್ತು.

ಎಲ್ಲವೂ ಸರಿಯಾದರೂ ‘ರಾಜಾಜಿನಗರ’ದ ದೀರ್ಘಗಳು ಅಕ್ಷರದಿಂದ ಬೇರೆಯಾಗಿ ನಿಲ್ಲಬಹುದಾಗಿತ್ತು, ‘ಬಸವೇಶ್ವರ’ನ ಶಕಾರ, ವಿರಾಮಚಿಹ್ನೆ, ವಕಾರ ಮೂರೂ ಬಿಡಿಬಿಡಿಯಾಗಿ ಕಾಣಬಹುದಾಗಿತ್ತು. ರೂಪಗಳಿದ್ದರೆ ಸಾಲದು, ಅವನ್ನು ಕೂಡಿಸುವ ತಂತ್ರಾಂಶವೂ ಬೇಕು. ಒಪೆರಾ ಮಿನಿ ಎಂಬ ಜಾಲದರ್ಶಕವು ಇಂತಹ ಲಿಪಿಗಳನ್ನು ದೂರದ ಗಣಕದಲ್ಲಿಯೇ ಚಿತ್ರವಾಗಿಸಿ ಕಳುಹಿಸುವ ಉಪಾಯವನ್ನು ಒದಗಿಸಿತ್ತು. ಜಾಣತನವೇ ಸರಿ, ಆದರೆ ಅದರಿಂದ ಸಂದೇಶಗಳಿಗೆ ಪ್ರಯೋಜನವಿರಲಿಲ್ಲ. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಗಳಿಗೆ ಸ್ಥಾನ ದೊರೆತು ಈ ಸಾಹಸದ ಅಗತ್ಯ ಕ್ರಮೇಣ ತಗ್ಗಿತು. ಇಂದು ಬಳಕೆಯಲ್ಲಿರುವ ‘ನೋಟೋ’ ಅಕ್ಷರಮಾಲೆಯ ಹೆಸರಿನ ಹಿಂದೆಯೂ ಆ ಚೌಕಗಳ ನೆನಪಿದೆ. ಅವನ್ನು ತಂತ್ರಜ್ಞರು ‘ಟೋಫು’ ಎಂದು ಹಾಸ್ಯವಾಗಿ ಕರೆಯುತ್ತಿದ್ದರು; ‘ನೋ ಟೋಫು’ ಎಂಬುದೇ ‘ನೋಟೋ’ ಆಯಿತು.

ಹಾಗಾದರೆ ಆ ಬೀಗ ಅನ್ಯಾಯದ್ದೇ? ಹಾಗೆನ್ನಲಾಗದು. ಅಕ್ಷರಕಡತವನ್ನು ಬದಲಿಸಬಲ್ಲ ಕೈ ಗುಪ್ತಪದವನ್ನು ಕದಿಯುವ ಕಡತವನ್ನೂ ಇರಿಸಬಲ್ಲುದು. ಆದರೂ ತನ್ನ ಭಾಷೆಯನ್ನು ಓದುವುದಕ್ಕಾಗಿ ಬೀಗ ತೆರೆದವನನ್ನು ಕಳ್ಳನೊಡನೆ ಸೇರಿಸುವುದು ತರವಲ್ಲ. ಬೀಗವಂತೂ ಬಲಿಯುತ್ತಲೇ ಬಂದಿದೆ. 2013ರ ಆಂಡ್ರಾಯ್ಡ್ 4.4ರಿಂದ ಮೊದಲ್ಗೊಂಡು ಸಿಸ್ಟಮ್ ವಿಭಾಗದ ತುಣುಕುಗಳ ಗಣಿತಮುದ್ರೆಗಳನ್ನು ತಾಳೆನೋಡುವ ಏರ್ಪಾಡು ಬಂದಿತು. ಒಂದೇ ಒಂದು ಬಿಟ್ ಬದಲಾದರೂ ಅದು ಪತ್ತೆಹಚ್ಚುತ್ತದೆ. 2021ರ ಆಂಡ್ರಾಯ್ಡ್ 12ರಲ್ಲಿ ಇನ್ನೊಂದು ದಾರಿ ತೆರೆಯಿತು: ತಯಾರಕರ ಅಧಿಕೃತ ಸಹಿಯುಳ್ಳ ಹೊಸ ಅಕ್ಷರಕಡತವನ್ನು ಬೇರೊಂದು ವಿಭಾಗದಲ್ಲಿರಿಸಿದರೆ, ಹಳೆಯದನ್ನು ಮುಟ್ಟದೆಯೇ ಫೋನು ಹೊಸದನ್ನು ಬಳಸುತ್ತದೆ.