ಹಸಿರು ಪರದೆ, ಹಸಿರು ಸೀರೆ: ಕಡಿಮೆ ಖರ್ಚಿನ ಚರ್ಚ್ ವಿಡಿಯೋ ಹಿಂದಿನ ವಿಜ್ಞಾನ

ಇವತ್ತಿನ ಕಂತು ಶುರುವಾಗೋದು ಒಂದು ಸೀರೆಯಿಂದ.

ಇಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಣ್ಣ ಕನ್ನಡ ಸಭೆಯವರು ಕ್ರಿಸ್‌ಮಸ್ ವಿಡಿಯೋ ಮಾಡಿಕೊಡಿ ಅಂತ ನಮ್ಮನ್ನು ಕರೆದಿದ್ದರು. ಬಾಡಿಗೆ ಹಾಲ್, ಒಂದು ಫೋನ್, ಮೂರು ದೀಪ, ಒಂದು ಹಸಿರು ಬಟ್ಟೆ. ಅಷ್ಟೇ ಬಂಡವಾಳ. ಒಬ್ಬ ಅಜ್ಜಿ ಲೂಕನ ಸುವಾರ್ತೆಯ 2ನೇ ಅಧ್ಯಾಯ ಓದಬೇಕು, ಅವರ ಹಿಂದೆ ಬೆತ್ಲೆಹೇಮಿನ ರಾತ್ರಿ ಕಾಣಬೇಕು. ಅಜ್ಜಿ ಗಿಳಿಹಸಿರು ರೇಷ್ಮೆ ಸೀರೆ ಉಟ್ಟು ಬಂದರು. ಎಡಿಟ್ ಮಾಡಿ ನೋಡಿದರೆ ಮುಖ ಇದೆ, ಕೈ ಇದೆ, ಬೈಬಲ್ ಇದೆ. ಸೀರೆ ಇರಬೇಕಾದ ಜಾಗದಲ್ಲಿ ಬರೀ ನಕ್ಷತ್ರಗಳು! ಮಕ್ಕಳು ನಕ್ಕರು. ಅಜ್ಜಿ ನಗಲಿಲ್ಲ. ಅದು ಅವರ ತಾಯಿ ಕೊಟ್ಟ ಸೀರೆ.

ಯಾಕೆ ಹೀಗಾಯ್ತು? ಕ್ರೋಮಾ ಕೀ ಅನ್ನೋ ಈ ತಂತ್ರಕ್ಕೆ ಮನುಷ್ಯ ಯಾರು, ಬಟ್ಟೆ ಯಾವುದು ಅಂತ ಗೊತ್ತಿಲ್ಲ. ಅದು ಪ್ರತಿ ಪಿಕ್ಸೆಲ್‌ಗೂ ಕೇಳೋದು ಒಂದೇ ಪ್ರಶ್ನೆ: ನೀನು ಹಸಿರೋ, ಅಲ್ಲವೋ? ಹಸಿರಾದರೆ ಅಳಿಸು. ಸೀರೆಯೂ ಹಸಿರು ಅಂತಲೇ ಉತ್ತರ ಕೊಟ್ಟಿತು.

ಹಾಗಾದರೆ ಹಸಿರನ್ನೇ ಯಾಕೆ ಬಳಸ್ತಾರೆ? ಎರಡು ಕಾರಣ. ಒಂದು, ನಮ್ಮ ಚರ್ಮ ಎಷ್ಟೇ ಬೆಳ್ಳಗಿರಲಿ, ಕಪ್ಪಗಿರಲಿ, ಅದರಲ್ಲಿ ಹಸಿರಿಗಿಂತ ಕೆಂಪು ಹೆಚ್ಚು. ಎರಡು, ಹೆಚ್ಚಿನ ಕ್ಯಾಮೆರಾಗಳ ಸೆನ್ಸರ್‌ನಲ್ಲಿ ಪ್ರತಿ ನಾಲ್ಕು ಚುಕ್ಕೆಗಳಲ್ಲಿ ಎರಡು ಹಸಿರನ್ನು ಅಳೆಯುತ್ತವೆ. ಕೆಂಪಿಗೆ ಒಂದು, ನೀಲಿಗೆ ಒಂದು. ಕೊಡ್ಯಾಕ್‌ನ ಬ್ರೈಸ್ ಬೇಯರ್‌ಗೆ 1976ರಲ್ಲಿ ಪೇಟೆಂಟ್ ಸಿಕ್ಕಿದ ವಿನ್ಯಾಸ ಇದು. ಆದ್ದರಿಂದ ಹಸಿರಿನ ಮಾಹಿತಿ ಹೆಚ್ಚು ಸ್ವಚ್ಛ.

ಆದರೆ ಹಸಿರೇ ಆಗಬೇಕು ಅನ್ನೋ ನಿಯಮ ಇಲ್ಲ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಸಿನಿಮಾದಲ್ಲಿ ಲ್ಯಾರಿ ಬಟ್ಲರ್ ಬಳಸಿದ್ದು ನೀಲಿ. ನಾವೂ ಸೀರೆ ಬದಲಿಸಿ ಅನ್ನಲಿಲ್ಲ, ಪರದೆ ಬದಲಿಸಿದೆವು. ಯಾರದೋ ಮನೆಯಿಂದ ಗಾಢ ನೀಲಿ ಬೆಡ್‌ಶೀಟ್ ಬಂತು.

ನೀಲಿಗೂ ಒಂದು ಬೆಲೆ ಇದೆ. ನಾಲ್ಕರಲ್ಲಿ ಒಂದೇ ಚುಕ್ಕೆ ಅದನ್ನು ಅಳೆಯೋದರಿಂದ ಮಂದ ಬೆಳಕಿನಲ್ಲಿ ಚಿತ್ರ ಕಾಳುಕಾಳಾಗುತ್ತದೆ. ಪರಿಹಾರ: ಇನ್ನೊಂದು ದೀಪ. ಬಟ್ಟೆಗೆ ಎಡಬಲದಿಂದ ಎರಡು, ಅಜ್ಜಿಗೆ ಬೇರೆಯಾಗಿ ಎರಡು. ಬಟ್ಟೆಯನ್ನು ಇಸ್ತ್ರಿ ಮಾಡಿ, ಬಿಗಿಯಾಗಿ ಕಟ್ಟಿ. ಒಂದೊಂದು ಸುಕ್ಕೂ ಒಂದೊಂದು ಛಾಯೆ. ಅದನ್ನೆಲ್ಲ ಅಳಿಸಲು ಹೋದರೆ ಮನುಷ್ಯರ ಅಂಚೂ ಅಳಿಸಿಹೋಗುತ್ತದೆ.

ಮುಂದಿನ ತೊಂದರೆ ಅಜ್ಜಿಯ ಬಿಳಿ ಕೂದಲು. ಪರದೆಗೆ ಬಿದ್ದ ಬೆಳಕು ನೀಲಿಯಾಗಿ ವಾಪಸ್ ಬಂದು ಬಿಳಿ ಕೂದಲಿಗೆ ಬಣ್ಣ ಬಳಿಯುತ್ತದೆ. ಅವರ ಕುರ್ಚಿಯನ್ನು ಪರದೆಯಿಂದ ಎರಡು ಮೀಟರ್ ಮುಂದೆ ತಂದೆವು. ನೀಲಿ ತಗ್ಗಿತು, ನೆರಳೂ ಬಟ್ಟೆಯ ಮೇಲೆ ಬೀಳೋದು ನಿಂತಿತು.

ಆದರೂ ಕೂದಲಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣ್ತಿತ್ತು. ಜಾಗ ಉಳಿಸೋಕೆ ಫೋನ್‌ಗಳು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ ಬರೆದಿಡುತ್ತವೆ. ಕ್ರೋಮಾ ಕೀ ನಂಬಿರೋದೇ ಬಣ್ಣವನ್ನ! ಹಾಗಾಗಿ 4ಕೆಯಲ್ಲಿ ಚಿತ್ರೀಕರಿಸಿ, 1080ಪಿಗೆ ಇಳಿಸಿದೆವು. ಆಗ ಉಳಿದ ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ ಸಿಗುತ್ತದೆ. ಉಳಿದ ಕೆಲಸಕ್ಕೆ ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೋ ಅಥವಾ ಡಾವಿಂಚಿ ರಿಸಾಲ್ವ್ ಸಾಕು.

ಭಾನುವಾರ ವಿಡಿಯೋ ಹಾಕಿದಾಗ ಅಜ್ಜಿ ನಕ್ಷತ್ರಗಳನ್ನು ನೋಡಲಿಲ್ಲ. ಸೆರಗಿನ ಅಂಚು ಸರಿಯಾಗಿ ಕಾಣ್ತಿದೆಯಾ ಅಂತ ನೋಡಿದರು. ಕಾಣ್ತಿತ್ತು.

ನಿಮ್ಮಲ್ಲೂ ಇಂಥ ತಯಾರಿ ನಡೀತಿದ್ದರೆ ಪರದೆ ಕೊಳ್ಳುವ ಮೊದಲು ಒಂದು ಫೋನ್ ಮಾಡಿ, “ಅವತ್ತು ಏನು ಉಡ್ತೀರಿ?” ಅಂತ ಕೇಳಿ. ಬಣ್ಣ ಆಮೇಲೆ ಆರಿಸಿ. ಮುಂದಿನ ಕಂತಿನಲ್ಲಿ ಸಿಗೋಣ.