ಕುಡಿದವನೊಬ್ಬ, ನೋವು ಹಲವರಿಗೆ

ನಮ್ಮ ಮನೆಯಲ್ಲಿ ಯಾರೂ ಮದ್ಯ ಮುಟ್ಟುವುದಿಲ್ಲ, ಈ ಮಾತು ನಮಗಲ್ಲ ಎಂದುಕೊಳ್ಳಬೇಡಿ. ಮೆಣಸೆಯ ರಸ್ತೆಯ ತಿರುವಿನಲ್ಲಿ ಎದುರಿನಿಂದ ಬರುವ ಚಾಲಕ ಕುಡಿದಿದ್ದರೆ ಪೆಟ್ಟು ಬೀಳುವುದು ನಿಮಗೂ.

ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ದೂರದ ಅಂದಾಜು ತಪ್ಪುತ್ತದೆ, ಬ್ರೇಕ್ ಒತ್ತುವುದು ತಡವಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗದ ವಾಹನ ಒಂದೇ ಸೆಕೆಂಡಿನಲ್ಲಿ 11 ಮೀಟರ್ ಮುಂದೆ ಹೋಗಿರುತ್ತದೆ. ಕಾಫಿ ಕುಡಿದರೆ, ತಣ್ಣೀರು ಸ್ನಾನ ಮಾಡಿದರೆ ಅಮಲು ಇಳಿಯದು. 100 ಮಿ.ಲೀ. ರಕ್ತದಲ್ಲಿ ಮದ್ಯದ ಅಂಶ 30 ಮಿ.ಗ್ರಾಂ. ಮೀರಿದ್ದರೆ ವಾಹನ ಓಡಿಸುವುದು ಅಪರಾಧ. ಮೊದಲ ಸಲವೇ 10,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ಆಸ್ಪತ್ರೆಯ ಬಿಲ್ಲು ಇದಕ್ಕಿಂತ ದೊಡ್ಡದು. ತಲೆಗೆ ತೀವ್ರ ಪೆಟ್ಟಾದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಬೇಕು. ಸ್ಕ್ಯಾನ್, ಶಸ್ತ್ರಚಿಕಿತ್ಸೆಯ ಖರ್ಚು ಒಂದೆಡೆ. ರೋಗಿಯ ಮತ್ತು ಜೊತೆಗಿದ್ದವರ ದುಡಿಮೆಯ ನಷ್ಟ ಇನ್ನೊಂದೆಡೆ. 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರ ಯೋಜನೆಯಡಿ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂ. ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯಿದೆ. ದಾಖಲಿಸುವಾಗಲೇ ವಿಚಾರಿಸಿ. ಬಳಿಕದ ಆರೈಕೆಯ ಹೊರೆ ಮಾತ್ರ ಮನೆಯ ಮೇಲೆಯೇ.

ಕುಡಿದವನ ಬೈಕು, ಜೀಪು ಹತ್ತಬೇಡಿ. ಮದುವೆ, ಹಬ್ಬಕ್ಕೆ ಬಾಡಿಗೆ ವಾಹನ ಹಿಡಿದರೆ ಚಾಲಕನನ್ನು ಗಮನಿಸಿ. ಸಂಶಯ ಬಂದರೆ ಮುಜುಗರಪಡದೆ ಇಳಿಯಿರಿ. ಅಪಘಾತ ಕಂಡರೆ 108ಕ್ಕೆ ಕರೆ ಮಾಡಿ.