ಕಡಲಿನ ಕಿರುಜೀವಿಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗೆ ಕಡಲು ದೂರ. ಆದರೂ ಅಲ್ಲಿಯ ಕೆರೆಗಳನ್ನು ಬಲ್ಲವರಿಗೆ ಕಡಲಿನ ಒಂದು ಸಂಗತಿ ಸುಲಭವಾಗಿ ತಿಳಿಯುತ್ತದೆ. ಬೇಸಗೆಯಲ್ಲಿ ನೀರು ಇಳಿದು ಬಿಸಿಲೇರಿದಾಗ ಕೆರೆ ಹಸಿರುಗಟ್ಟುವುದುಂಟು. ಆ ಹಸಿರು ಯಾವುದೋ ಒಂದು ಗಿಡದ್ದಲ್ಲ. ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳದು. ಕಡಲಿನಲ್ಲಿಯೂ ಇಂತಹ ಜೀವಿಗಳಿವೆ. ನೀರಿನ ಸೆಳೆತದೊಡನೆ ತೇಲುತ್ತ ಸಾಗುವ ಇವುಗಳಿಗೆ ಸಸ್ಯಪ್ಲವಕಗಳೆಂದು ಹೆಸರು. ಇವುಗಳಲ್ಲಿ ಬಹುಪಾಲು ಏಕಕೋಶಜೀವಿಗಳು.

ಗಾತ್ರದಲ್ಲಿ ಕಿರಿದಾದರೂ ಇವುಗಳ ಉಪಕಾರ ಹಿರಿದು. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧದಷ್ಟು ಇವುಗಳದೇ. ಬೂತಾಯಿಯಂತಹ ಮೀನುಗಳಿಗೆ ಇವೇ ಆಹಾರ. ಆದರೆ ಈ ಉಪಕಾರಿಗಳ ನಡುವೆ ವಿಷ ತಯಾರಿಸುವ ಕೆಲವು ಜಾತಿಗಳೂ ಇವೆ. ಡೈನೋಫ್ಲಾಜೆಲೇಟ್ ಎಂಬ ಗುಂಪಿನ ಅಲೆಕ್ಸಾಂಡ್ರಿಯಂ ಅವುಗಳಲ್ಲೊಂದು. ಈ ಗುಂಪಿನ ಜೀವಿಗೆ ಚಾವಟಿಯಂತಹ ಎರಡು ಎಳೆಗಳುಂಟು. ಅವುಗಳನ್ನು ಬೀಸುತ್ತ ಅದು ಬುಗುರಿಯಂತೆ ತಿರುಗಿ ಈಜುತ್ತದೆ. ಪರಿಸರ ಒಗ್ಗದಿದ್ದಾಗ ಕೆಲವು ಜಾತಿಗಳು ಗಟ್ಟಿ ಕವಚ ತೊಟ್ಟು ಕೆಸರಿನಲ್ಲಿ ಮಲಗಿ, ಒಳ್ಳೆಯ ಕಾಲ ಬಂದಾಗ ಮತ್ತೆ ಎಚ್ಚೆತ್ತು ಬೆಳೆಯುತ್ತವೆ.

ಕರಾವಳಿಯವರು ಮರುವಾಯಿ ಎಂದು ಕರೆಯುವ ಚಿಪ್ಪುಜೀವಿ ನೀರನ್ನು ಸೋಸಿ ಆಹಾರ ಪಡೆಯುತ್ತದೆ. ನೀರಿನಲ್ಲಿ ವಿಷಪ್ಲವಕಗಳು ಹೆಚ್ಚಿದಾಗ ಆ ವಿಷ ಅದರ ಮಾಂಸದಲ್ಲಿ ಸೇರುತ್ತದೆ. ಮರುವಾಯಿ ಸಾಮಾನ್ಯವಾಗಿ ಸಾಯುವುದಿಲ್ಲ. ಅದನ್ನು ತಿಂದವರಿಗೆ ಅಪಾಯ ಒದಗುತ್ತದೆ. 1983ರಲ್ಲಿ, ಈಗಿನ ಕಾಸರಗೋಡು ಜಿಲ್ಲೆಗೆ ಸೇರಿದ ಕುಂಬಳೆಯ ಅಳಿವೆಯಲ್ಲಿ ಹಿಡಿದ ಮರುವಾಯಿಯನ್ನು ಉಂಡು ಕೆಲವರು ಅಸ್ವಸ್ಥರಾದರು. ಒಬ್ಬ ಬಾಲಕ ತೀರಿಕೊಂಡನು. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ಇದ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮೊದಲಾದ ವಿಜ್ಞಾನಿಗಳು ಇದನ್ನು ಪರಿಶೀಲಿಸಿ, ಚಿಪ್ಪುಜೀವಿಗಳ ಮೂಲಕ ಬರುವ ಪಾರ್ಶ್ವವಾಯುಕಾರಕ ವಿಷವೇ ಕಾರಣವೆಂದು 1984ರಲ್ಲಿ ಪ್ರಕಟಿಸಿದರು.

ಈ ಬಗೆಯ ವಿಷಗಳಲ್ಲಿ ಮುಖ್ಯವಾದುದು ಸ್ಯಾಕ್ಸಿಟಾಕ್ಸಿನ್. ನರಗಳಲ್ಲಿ ಸಂದೇಶ ಹರಿಯಬೇಕಾದರೆ ಸೋಡಿಯಂ ಕಣಗಳು ಸೂಕ್ಷ್ಮ ದ್ವಾರಗಳ ಮೂಲಕ ಒಳನುಗ್ಗಬೇಕು. ಈ ವಿಷ ಆ ದ್ವಾರಗಳಿಗೆ ಬೆಣೆಯಂತೆ ಅಡ್ಡ ಕೂರುತ್ತದೆ. ಮೊದಲು ತುಟಿ, ನಾಲಗೆಗಳು ಜುಮುಗುಟ್ಟುತ್ತವೆ. ಅನಂತರ ಕೈಕಾಲುಗಳು ಸೋಲುತ್ತವೆ. ವಿಷ ಹೆಚ್ಚಾದರೆ ಉಸಿರಾಟವೇ ನಿಲ್ಲುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಆದರೆ ರೋಗಿಯನ್ನು ಬೇಗನೆ ಆಸ್ಪತ್ರೆಗೆ ಸೇರಿಸಿ ಕೃತಕ ಉಸಿರಾಟ ಒದಗಿಸಿದರೆ ಜೀವ ಉಳಿಯಬಲ್ಲದು.

ಚೆನ್ನಾಗಿ ಬೇಯಿಸಿದರೆ ಎಲ್ಲ ದೋಷವೂ ಕಳೆಯುವುದೆಂಬುದು ಅಡುಗೆಮನೆಯ ನಂಬಿಕೆ. ರೋಗಾಣುಗಳ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜ. ಈ ವಿಷದ ವಿಷಯದಲ್ಲಿ ನಿಜವಲ್ಲ. ಇದು ಕುದಿಯುವ ನೀರಿಗೂ ಅಳಿಯದು. ಇದಕ್ಕೆ ಕೆಟ್ಟ ವಾಸನೆಯಿಲ್ಲ, ರುಚಿಯಲ್ಲಿ ವ್ಯತ್ಯಾಸವಿಲ್ಲ. ನೀರಿನ ಬಣ್ಣವೂ ಎಲ್ಲ ಸಲ ಎಚ್ಚರಿಕೆ ನೀಡುವುದಿಲ್ಲ. ಆದುದರಿಂದ ಪ್ರಯೋಗಶಾಲೆಯ ಪರೀಕ್ಷೆಯೊಂದೇ ನೆಚ್ಚತಕ್ಕ ದಾರಿ. 100 ಗ್ರಾಂ ಚಿಪ್ಪುಮಾಂಸದಲ್ಲಿ 80 ಮೈಕ್ರೋಗ್ರಾಂ ಮೀರಿ ಈ ವಿಷವಿದ್ದರೆ ಅದನ್ನು ತಿನ್ನಲು ಬಿಡಬಾರದೆಂದು ಅನೇಕ ದೇಶಗಳು ನಿಯಮ ಮಾಡಿವೆ.

ಒಳನಾಡಿನವರಿಗೂ ಇಲ್ಲಿ ಕಲಿಯುವುದುಂಟು. ಕೆರೆಗಳನ್ನು ಹಸಿರುಗಟ್ಟಿಸುವ ನೀಲಿಹಸಿರು ಪಾಚಿಗಳಲ್ಲಿಯೂ ಕೆಲವು ವಿಷಕಾರಿ. ಅಂತಹ ನೀರು ದನಕರುಗಳಿಗೆ ಕೇಡು. ಕುದಿಸಿದ ಮಾತ್ರಕ್ಕೆ ಆ ವಿಷವೂ ಹೋಗದು. ಮರುವಾಯಿಯನ್ನಾಗಲಿ ಕೆರೆಯನ್ನಾಗಲಿ ದೂರಿ ಫಲವಿಲ್ಲ. ನೀರನ್ನು ಕಾಲಕಾಲಕ್ಕೆ ಪರೀಕ್ಷಿಸಿ, ಅಪಾಯವನ್ನು ಜನರಿಗೆ ಮುಂಚಿತವಾಗಿ ತಿಳಿಸುವುದೇ ವಿವೇಕ.